ಫ್ರೀಜರ್ ಕರಗಿ ಮತ್ತೆ ಗಟ್ಟಿಯಾಗಿದೆ, ಒಳಗಿರೋ ಅವರೆಬೇಳೆ ತಿನ್ನಬಹುದಾ?

ಸರಸ್ವತಿಪುರಂ ಸೊಸೆ:
ಶನಿವಾರ ಮಧ್ಯಾಹ್ನ ಮನೆಗೆ ಬೀಗ ಹಾಕಿ ಮದ್ದೂರಿಗೆ ಮದುವೆಗೆ ಹೋಗಿದ್ದೆವು. ಭಾನುವಾರ ರಾತ್ರಿ ಒಂಬತ್ತಕ್ಕೆ ಮೈಸೂರಿಗೆ ವಾಪಸ್ ಬಂದಾಗ ಪಕ್ಕದ ಮನೆ ಆಂಟಿ ಹೇಳಿದರು, ಗಾಳಿ ಮಳೆಗೆ ತಂತಿ ಮೇಲೆ ಕೊಂಬೆ ಬಿದ್ದು ಶನಿವಾರ ಸಂಜೆ ಏಳಕ್ಕೆ ಹೋದ ಕರೆಂಟು ಮಾರನೇ ದಿನ ಒಂದು ಗಂಟೆಗೆ ಬಂತಂತೆ. 18 ಗಂಟೆ!

ಫ್ರೀಜರ್ ತೆಗೆದು ನೋಡಿದರೆ ಎಲ್ಲಾ ಕಲ್ಲಿನ ಹಾಗೆ ಗಟ್ಟಿ. ನಮ್ಮವರು "ಗಟ್ಟಿಯಾಗೇ ಇದೆಯಲ್ಲ, ಇನ್ನೇನು?" ಅಂದು ಟೀವಿ ಹಾಕಿದರು. ನನಗೆ ಮಾತ್ರ ಸಮಾಧಾನ ಇಲ್ಲ. ಹೋಗುವ ಮುಂಚೆ ಐಸ್ ತುಂಡುಗಳನ್ನ ಸ್ಟೀಲ್ ಬಟ್ಟಲಿಗೆ ಸುರಿದಿಟ್ಟಿದ್ದೆ. ಈಗ ಬಟ್ಟಲಲ್ಲಿ ತುಂಡೇ ಇಲ್ಲ, ತಟ್ಟೆ ಇಡ್ಲಿ ಥರ ಒಂದೇ ಬಿಲ್ಲೆ. ಅರ್ಧ ಕೆಜಿ ಬನ್ನೂರು ಕುರಿ ಮಟನ್ ಇತ್ತು. ಅದರ ಕವರಿನ ಕೆಳಗೆ ಕೆಂಪು ನೀರು ಸೋರಿ ಹೆಪ್ಪುಗಟ್ಟಿದೆ, ಚಮಚದ ಹಿಡಿಯಲ್ಲಿ ಮೀಟಿ ಎಬ್ಬಿಸಬೇಕಾಯ್ತು.

ಮಟನ್ ಹೋದರೆ ಹೋಗಲಿ. ಹೊಟ್ಟೆ ಉರಿಯೋದು ಹಿದುಕಿದ ಬೇಳೆಗೆ. ಸಂಕ್ರಾಂತಿ ಸಮಯದಲ್ಲಿ ನಾನೂ ಅತ್ತೆಯೂ ಮೂರು ಸಂಜೆ ಕೂತು, ಹೆಬ್ಬೆರಳು ನೋಯೋವರೆಗೂ ಹಿದುಕಿ ಮೂರು ಪ್ಯಾಕೆಟ್ ಮಾಡಿಟ್ಟಿದ್ದು. ಈ ಏಪ್ರಿಲ್‌ನಲ್ಲಿ ಆ ಸೊಗಡಿನ ಕಾಯಿ ಎಲ್ಲಿಂದ ತರಲಿ?

ಮಳವಳ್ಳಿ ಮುದ್ದೆ:
ಅಕ್ಕಾ, ಬೇಳೆ ಬಿಸಾಕಿದರೆ ಪಾಪ ಬರುತ್ತೆ! ಚೆನ್ನಾಗಿ ಮೂಸಿ ನೋಡಿ, ವಾಸನೆ ಇಲ್ಲ ಅಂದರೆ ಕುಕ್ಕರ್‌ನಲ್ಲಿ ನಾಲ್ಕು ಸೀಟಿ ಕೂಗಿಸಿ. ಯಾವ ಕ್ರಿಮಿ ಉಳಿಯುತ್ತೆ? ಮುದ್ದೆ ಜೊತೆ ಸಾರು ಸುರಿದು ಹೊಡೀರಿ.

ರಿಟೈರ್ಡ್ ಲ್ಯಾಬ್:
ಮುದ್ದೆಯವರೇ, ಅದೇ ತಪ್ಪು. ಕೆಲವು ಬ್ಯಾಕ್ಟೀರಿಯಾ ಬೆಳೆಯುವಾಗ ಆಹಾರದಲ್ಲಿ ವಿಷ ಬಿಟ್ಟಿರುತ್ತವೆ. ಕುದಿಸಿದರೆ ಅವು ಸಾಯಬಹುದು, ಆದರೆ ಸ್ಟ್ಯಾಫಿಲೊಕಾಕಸ್ ಬಿಟ್ಟ ವಿಷ ಹಾಗೇ ಇರುತ್ತೆ. ಅದು ಮೂಗಿಗೂ ಗೊತ್ತಾಗಲ್ಲ.

ಸೊಸೆಯವರೇ, ಫ್ರೀಜರ್ ಕ್ರಿಮಿಗಳನ್ನ ಕೊಲ್ಲಲ್ಲ, ಸುಮ್ನೆ ಮಲಗಿಸುತ್ತೆ. ಕರಗಿ ಬೆಚ್ಚಗಾದರೆ ಎದ್ದು ಕೂರುತ್ತವೆ. ಹಾಗಾಗಿ ಕರಗಿತಾ ಅನ್ನೋದಕ್ಕಿಂತ ಎಷ್ಟು ಬೆಚ್ಚಗೆ, ಎಷ್ಟು ಹೊತ್ತು ಇತ್ತು ಅನ್ನೋದು ಮುಖ್ಯ. ಒಳಗೆ ಇನ್ನೂ ಐಸಿನ ಹರಳು ಇದ್ದರೆ, ಅಥವಾ 4 ಡಿಗ್ರಿ ದಾಟದೆ ತಣ್ಣಗಿದ್ದರೆ, ಮತ್ತೆ ಗಟ್ಟಿ ಮಾಡಿದರೆ ತೊಂದರೆ ಇಲ್ಲ. ಅದಕ್ಕಿಂತ ಬೆಚ್ಚಗೆ 2 ಗಂಟೆ ಇದ್ದರೆ ಮಾಂಸ, ಹಾಲು, ಬೇಯಿಸಿದ ಅಡುಗೆ ಎಲ್ಲಾ ಹೊರಗೆ. 32 ಡಿಗ್ರಿ ದಾಟೋ ಸೆಕೆಯಲ್ಲಿ ಬರೀ 1 ಗಂಟೆ.

ನಿಮ್ಮ ಬಟ್ಟಲು ಒಳ್ಳೇ ಸಾಕ್ಷಿ. ಐಸೇ ಪೂರ್ತಿ ನೀರಾಗಿದೆ ಅಂದಮೇಲೆ ಅದರ ಪಕ್ಕದ ಮಟನ್ನೂ ಕರಗಿದೆ. ಎಷ್ಟು ಹೊತ್ತು ಹಾಗೆ ಇತ್ತೋ ಹೇಳೋರು ಯಾರೂ ಇಲ್ಲ. ಬಿಸಾಕಿ. ಬೇಳೆ ಪ್ಯಾಕೆಟ್ ಒಂದೊಂದಾಗಿ ಅಲ್ಲಾಡಿಸಿ ನೋಡಿ ಹೇಳಿ.

ಕುವೆಂಪುನಗರ ಕಾಫಿ:
ಅರ್ಧ ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ 24 ಗಂಟೆ, ಪೂರ್ತಿ ತುಂಬಿದ್ದರೆ 48 ಗಂಟೆ ತಡೆಯುತ್ತೆ ಅಂತಾರಲ್ಲ?

ರಿಟೈರ್ಡ್ ಲ್ಯಾಬ್:
ಅದು ದೊಡ್ಡ ಫ್ರೀಜರಿನ ಲೆಕ್ಕ ಸರ್. ನಮ್ಮ ಒಂಟಿ ಬಾಗಿಲಿನ ಫ್ರಿಜ್ಜಿನ ಮೇಲಿನ ಪುಟ್ಟ ಡಬ್ಬಿಗೆ ಆ ಲೆಕ್ಕ ನಂಬಬೇಡಿ. ಇಲ್ಲಿ ಬಟ್ಟಲೇ ಹೇಳ್ತಿದೆಯಲ್ಲ.

ಸರಸ್ವತಿಪುರಂ ಸೊಸೆ:
ಅಲ್ಲಾಡಿಸಿದೆ. ಮುಂದಿದ್ದ ಎರಡೂ ಇಟ್ಟಿಗೆ ಥರ, ಮೂಲೆಯಲ್ಲಿ ನೀರು ಐಸಾಗಿದೆ. ಹಿಂದಿನ ಗೋಡೆಗೆ ಅಂಟಿಕೊಂಡು, ಅವೆರಡರ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಮೂರನೇದು ಗಲಗಲ ಅನ್ನುತ್ತೆ! ಜನವರಿಯಲ್ಲಿ ತಟ್ಟೆ ಮೇಲೆ ಹರಡಿ, ಗಟ್ಟಿಯಾದಮೇಲೆ ತುಂಬಿದ್ದೆ. ಬೇಳೆ ಇನ್ನೂ ಬಿಡಿಬಿಡಿಯಾಗೇ ಇದೆ.

ರಿಟೈರ್ಡ್ ಲ್ಯಾಬ್:
ಹಾಗಾದರೆ ಅದು ಕರಗಿಲ್ಲ, ಕರಗಿದ್ದರೆ ಅಂಟಿಕೊಂಡು ಮುದ್ದೆಯಾಗ್ತಿತ್ತು. ಅದನ್ನ ಇಟ್ಟುಕೊಳ್ಳಿ. ಇಟ್ಟಿಗೆ ಎರಡನ್ನೂ ಮನಸ್ಸು ಗಟ್ಟಿ ಮಾಡಿ ಬಿಡಿ.

ಮಳವಳ್ಳಿ ಮುದ್ದೆ:
ಅಯ್ಯೋ. ಸರಿ ಮೇಡಂ, ಒಪ್ಪಿಕೊಂಡೆ. ಹಾಗಾದರೆ ಕರಗಿಸಿದ ಮಾಂಸ ಮತ್ತೆ ಫ್ರೀಜರ್‌ಗೆ ಇಡಲೇಬಾರದಾ? ನಮ್ಮನೇಲಿ ನೆಂಟರು ಬರ್ತೀವಿ ಅಂದು ಬರಲ್ಲ, ಇದೇ ಗೋಳು.

ರಿಟೈರ್ಡ್ ಲ್ಯಾಬ್:
ಫ್ರಿಜ್ಜಿನ ಕೆಳಗಡೆ ತಟ್ಟೆಯಲ್ಲಿಟ್ಟು ನಿಧಾನವಾಗಿ ಕರಗಿಸಿದ್ದರೆ ಧಾರಾಳವಾಗಿ ಇಡಬಹುದು, ಕೋಳಿಯಾದರೆ ಒಂದೆರಡು ದಿನದೊಳಗೆ. ತಣ್ಣೀರಲ್ಲಿ ಮುಳುಗಿಸಿ ಕರಗಿಸಿದ್ದರೆ ಬೇಯಿಸಿ ಆಮೇಲೆ ಇಡಿ. ಸಿಂಕ್ ಪಕ್ಕ ಕಟ್ಟೆ ಮೇಲೆ ಬೆಳಗ್ಗೆಯಿಂದ ಬಿಟ್ಟಿದ್ದರೆ ಕೇಳಲೇಬೇಡಿ. ಒಂದು ಮಾತು, ರುಚಿ ಮೊದಲಿನ ಹಾಗೆ ಇರಲ್ಲ. ಪ್ರತಿ ಸಲ ಗಟ್ಟಿಯಾದಾಗ ಐಸಿನ ಹರಳು ಮಾಂಸದ ಒಳಗನ್ನ ಹರಿಯುತ್ತೆ, ಕರಗಿದಾಗ ರಸ ಸೋರಿ ನಾರುನಾರಾಗುತ್ತೆ.

ಸೊಸೆಯವರೇ, ಇನ್ನು ಊರಿಗೆ ಹೋಗುವಾಗ ಒಂದು ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ತಳ ಸೇರಿದ್ದರೆ ಎಲ್ಲಾ ಕರಗಿತ್ತು ಅಂತ ಅರ್ಥ.

ಸರಸ್ವತಿಪುರಂ ಸೊಸೆ:
ಮಟನ್ನೂ ಎರಡು ಪ್ಯಾಕೆಟ್ ಬೇಳೆಯೂ ಕಸದ ಗಾಡಿಗೆ ಹೋಯ್ತು. ಉಳಿದ ಒಂದನ್ನ ಇವತ್ತು ರಾತ್ರಿಯೇ ಸಾರು ಮಾಡಿಬಿಟ್ಟೆ, ಇನ್ನೊಂದು ಕರೆಂಟ್ ಕಾಟಕ್ಕೆ ಕಾಯಲ್ಲ. ಐದು ರೂಪಾಯಿ ನಾಣ್ಯದ ಲೋಟವೂ ಒಳಗೆ ಕೂತಿದೆ. ಅತ್ತೆ ನೋಡಿ, "ಫ್ರಿಜ್ಜಿಗೂ ಮುಡಿಪು ಕಟ್ಟಿದೆಯೇನೇ?" ಅಂದರು.