ಮೇವಿನಾಗ ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ಲಿಮಿಟ್ ಒಳಗೈತಿ, ಆದ್ರೂ ಆಕಳ ಹಾಲು ಕಮ್ಮಿ ಆಗೈತಿ, ಯಾಕ?

ಗೋಠಾ_ಪುಣೆ:
ನಮಸ್ಕಾರ್ರಿ. ನಮ್ಮೂರು ಇಂಡಿ ಕಡೆ, ಈಗ ಪುಣೆ ಹತ್ರ ಉರುಳಿ ಕಾಂಚನ ಬಾಜೂಕ ಗೋಠಾ (ದನದ ಕೊಟ್ಟಿಗಿ) ಐತಿ, ಎಲ್ಲಾ ಎಚ್‌ಎಫ್ ಆಕಳ. ಮಳಿಗಾಲದಾಗ ತಂದ ಗೊಂಜಾಳದ (ಮೆಕ್ಕೆಜೋಳದ) ಭರಡಾ, ಅಂದ್ರ ಒಡದ ನುಚ್ಚು, ಸ್ವಲ್ಪ ಬೂಷ್ಟ ವಾಸನಿ ಬರ್ತಿತ್ತು, ಲ್ಯಾಬಿಗೆ ಕೊಟ್ಟೆ, ಅಫ್ಲಾಟಾಕ್ಸಿನ್ ಬಿ1 14 ಪಿಪಿಬಿ (ಕೆಜಿಗೆ 14 ಮೈಕ್ರೊಗ್ರಾಂ) ಬಂತು, 20ರ ಒಳಗೈತಿ ಏನೂ ಆಗಂಗಿಲ್ಲ ಅಂದ್ರು. ಆದ್ರ ಹಾಲು ಇಳೀಲಿಕತ್ತೈತಿ, ಸಗಣಿ ತೆಳ್ಳಗ, ಎರಡು ಆಕಳ ಗಬ್ಬ ನಿಂದ್ರವಲ್ವು, ಇನ್ನೂ ಬೆದಿಗೇ ಬರದ ಒಂದ್ ಮಣಕದ ಕೆಚ್ಚಲ ಬಾತ್ಹಂಗ ಕಾಣ್ತದ. ಪೆಂಡ್ (ಹಿಂಡಿ) ಅಂಗಡಿಯಾಂವ ಮೇವಿಗೆ ಬೈಂಡರ್, ಅಂದ್ರ ವಿಷ ಹಿಡಕೊಳ್ಳೋ ಪುಡಿ, ಹಾಕು ಅಂತಾನ. ಹಾಕ್ಲೇನು?

ದನದ_ಡಾಕ್ಟ್ರು:
ಮಣಕದ ಕೆಚ್ಚಲು ಅಂದ್ರಲ್ಲ, ಅಲ್ಲೇ ನಂಗೆ ಡೌಟು ಬಂತು. ಅದು ಅಫ್ಲಾಟಾಕ್ಸಿನ್ ಲಕ್ಷಣ ಅಲ್ಲ, ಜಿಯರಲೆನೋನ್ ಅನ್ನೋ ಇನ್ನೊಂದು ಬೂಷ್ಟಿನ ವಿಷ ಇರಬಹುದು. ಅದು ಈಸ್ಟ್ರೋಜನ್ (ಹೆಣ್ಣು ಹಾರ್ಮೋನು) ಥರ ಕೆಲಸ ಮಾಡುತ್ತೆ, ಹಸು ಹೊಟ್ಟೇಲಿ ಅದರ ಒಂದು ಭಾಗ ಇನ್ನೂ ಜೋರಾದ ರೂಪಕ್ಕೆ ತಿರುಗುತ್ತೆ ಬೇರೆ. ಮೆಕ್ಕೆಜೋಳದಲ್ಲಿ ಒಂದೇ ಬೂಷ್ಟು ಅಂತ ಇರಲ್ಲ ಸಾರ್, ತೆನೆ ಹೊಲದಲ್ಲಿ ಮಳೆಗೆ ನೆಂದಾಗ ಫ್ಯುಸೇರಿಯಂ ಅನ್ನೋ ಬೂಷ್ಟು ಹತ್ಕೊಂಡು ಫ್ಯುಮೋನಿಸಿನ್, ಡಾನ್ (ಡಿಆಕ್ಸಿನಿವಲೆನಾಲ್), ಜಿಯರಲೆನೋನ್ ಅನ್ನೋ ವಿಷ ಬಿಡುತ್ತೆ, ಆಮೇಲೆ ಗೋಡೌನಲ್ಲಿ ಸೆಕೆಗೆ ಆಸ್ಪರ್ಜಿಲಸ್ ಅನ್ನೋ ಇನ್ನೊಂದು ಬೂಷ್ಟು ಬಂದು ಅಫ್ಲಾಟಾಕ್ಸಿನ್ ಸೇರಿಸುತ್ತೆ. ನೀವು ಟೆಸ್ಟ್ ಮಾಡಿಸಿದ್ದು ಅದೊಂದನ್ನೇ. ಆ 20 ಅನ್ನೋದು ಅಫ್ಲಾಟಾಕ್ಸಿನ್ ಒಂದಕ್ಕೇ ಹಾಕಿರೋ ಗೆರೆ, ಜೊತೆಗೆ ಇನ್ನೂ ಮೂರು ವಿಷ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಕೆಲವು ಸಲ ಎರಡರ ಪ್ರಭಾವ ಕೂಡುತ್ತೆ, ಕೆಲವು ಸಲ ಕೂಡಿದ್ದಕ್ಕಿಂತ ಜಾಸ್ತಿನೂ ಆಗುತ್ತೆ, ಯಾವಾಗ್ಲೂ ಅಲ್ಲ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅಫ್ಲಾಟಾಕ್ಸಿನ್ ಆದ್ಮೇಲೆ ಫ್ಯುಮೋನಿಸಿನ್ ಕೊಟ್ಟಾಗ ಲಿವರ್ ಕೆಟ್ಟಿದ್ದು ಒಂದೊಂದೇ ಕೊಟ್ಟಿದ್ದಕ್ಕಿಂತ ಜಾಸ್ತಿ. ದನ ಹಂದಿಗಿಂತ ಗಟ್ಟಿ, ಡಾನ್ ಬಹಳಷ್ಟು ಹೊಟ್ಟೆಯಲ್ಲೇ ಒಡೆಯುತ್ತೆ, ಆದ್ರೆ ಕಾಳು ಜಾಸ್ತಿ ತಿಂದು ಆಮ್ಲ ಏರಿರೋ ಎಚ್‌ಎಫ್‌ನಲ್ಲಿ ಆ ಶಕ್ತಿ ಇಳಿಯುತ್ತೆ. ಗಬ್ಬ ಕೆಡಿಸೋ ಬ್ರುಸೆಲ್ಲಾ ರೋಗಾನೂ ಚೆಕ್ ಮಾಡಿಸಿ, ಎಲ್ಲಾ ಬೂಷ್ಟಿನ ತಲೆಗೆ ಕಟ್ಟೋದು ಬೇಡ.

ಫೀಡ್_ಲ್ಯಾಬ್:
ಬೈಂಡರ್ ಬಗ್ಗೆ ಒಂದ್ಮಾತು. ಅಂಗಡೀಲಿ ಸಿಗೋ ಅಗ್ಗದ್ದೆಲ್ಲ ಹೆಚ್ಚುಕಮ್ಮಿ ಬೆಂಟೊನೈಟ್ ಮಣ್ಣು. ಅಫ್ಲಾಟಾಕ್ಸಿನ್ ಅದರ ಪದರದೊಳಗೆ ಚೆನ್ನಾಗಿ ಕೂತ್ಕೊಳ್ಳುತ್ತೆ, ಡಾನ್ ಹಿಡಿಯೋದೇ ಇಲ್ಲ ಅನ್ನಬಹುದು, ಜಿಯರಲೆನೋನ್ ಅಷ್ಟಕ್ಕಷ್ಟೇ. ಅಂದ್ರೆ ನಿಮ್ಮ ರಿಪೋರ್ಟಲ್ಲಿ ಪಾಸಾದ ವಿಷಕ್ಕೇ ಮತ್ತೆ ದುಡ್ಡು ಹಾಕಿದಂಗಾಯ್ತು! ಎಲ್‌ಸಿ-ಎಂಎಸ್‌ನಲ್ಲಿ (ಲ್ಯಾಬಿನ ಒಂದು ಯಂತ್ರ) ಎಲ್ಲಾ ಟಾಕ್ಸಿನ್ (ವಿಷ) ಒಟ್ಟಿಗೆ ನೋಡಿ ಅಂತ ಕೇಳಿ. ಸ್ಯಾಂಪಲ್ ಒಂದೇ ಚೀಲದ ಬಾಯಿಂದ ತೆಗೀಬೇಡಿ, ವಿಷ ಗಂಟುಗಂಟಾಗಿ ಇರುತ್ತೆ, ಪಕ್ಕದ ಚೀಲ ಸೊನ್ನೆ ತೋರಿಸಿದ್ರೂ ಆಶ್ಚರ್ಯ ಇಲ್ಲ.

ಮಾಟುಂಗಾ_ಅಕ್ಕ:
ದನದ್ದು ಆಯ್ತು, ನಮ್ ಕಥೆ ಏನು? ಇಲ್ಲಿ ಮುಂಬೈನಲ್ಲಿ ನಾವು ಕುಡಿಯೋದು ಆ ಕಡೆ ಹಾಲೇ ತಾನೆ, ಚೆನ್ನಾಗಿ ಕುದಿಸಿದ್ರೆ ಹೋಗುತ್ತಾ?

ದನದ_ಡಾಕ್ಟ್ರು:
ಹೋಗಲ್ಲ ಅಕ್ಕಾ, ಕುದಿಸಿದ್ರೆ ಸಾಯೋದು ಕೀಟಾಣು. ದನ ತಿಂದ ಅಫ್ಲಾಟಾಕ್ಸಿನ್ ಬಿ1ನಲ್ಲಿ ಸುಮಾರು 1ರಿಂದ 6 ಪರ್ಸೆಂಟ್ ಎಂ1 ಅನ್ನೋ ರೂಪಕ್ಕೆ ತಿರುಗಿ ಹಾಲಿಗೆ ಬರುತ್ತೆ, ಹಾಲಲ್ಲಿ ಅದಕ್ಕೆ ನಮ್ಮ ದೇಶದಲ್ಲಿ ಲಿಮಿಟ್ ಕೆಜಿಗೆ 0.5 ಮೈಕ್ರೊಗ್ರಾಂ, ಯುರೋಪಲ್ಲಿ 0.05. ಫ್ಯುಮೋನಿಸಿನ್ ಹಾಲಿಗೆ ಬರೋದು ತೀರಾ ಕಮ್ಮಿ, ಅದು ಜನಕ್ಕೆ ಬರೋದು ಕಾಳಿಂದಾನೇ. 1995ರಲ್ಲಿ ದಖ್ಖನ್ ಕಡೆಯ ಹಳ್ಳಿಗಳಲ್ಲಿ ಮಳೆಗೆ ನೆಂದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದು ಜನಕ್ಕೆ ಹೊಟ್ಟೆನೋವು, ಭೇದಿ ಆಗಿತ್ತು. ಮನೇಲಿ ಯಾರಿಗಾದ್ರೂ ಹೆಪಟೈಟಿಸ್ ಬಿ ಇದ್ರೆ ಬೂಷ್ಟು ಹಿಡಿದ ಶೇಂಗಾ ಮುಟ್ಟಲೇಬೇಡಿ, ಅಫ್ಲಾಟಾಕ್ಸಿನ್ ಜೊತೆ ಆ ವೈರಸ್ ಸೇರಿದ್ರೆ ಲಿವರ್ ಕ್ಯಾನ್ಸರ್ ರಿಸ್ಕ್ ಹಲವು ಪಟ್ಟು ಏರುತ್ತೆ.

ಗೋಠಾ_ಪುಣೆ:
ಭಾಳ ಉಪಕಾರ ಆತ್ರಿ. ಭರಡಾ ನಿಲ್ಲಿಸೇನಿ, ಸ್ಯಾಂಪಲ್ ಎಲ್ಲಾ ಚೀಲದಿಂದ ಕೂಡಿಸಿ ಕಳಸ್ತೀನಿ. ಉಳದ ಚೀಲ ಬಾಜೂದ ಕೋಳಿ ಫಾರ್ಮಿನಾಂವ ಅರ್ಧ ರೇಟಿಗೆ ಕೇಳಾಕತ್ತಾನ, ಕೊಡ್ಲೇನು?

ದನದ_ಡಾಕ್ಟ್ರು:
ಬೇಡವೇ ಬೇಡ. ಅಫ್ಲಾಟಾಕ್ಸಿನ್ ಗೊತ್ತಾಗಿದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಮೇಲೆ ಟರ್ಕಿ ಕೋಳಿ ಸತ್ತಾಗ, ಅದ್ರಲ್ಲೂ ಸೈಕ್ಲೊಪಿಯಜೋನಿಕ್ ಆಸಿಡ್ ಅನ್ನೋ ಇನ್ನೊಂದು ವಿಷ ಜೊತೆಗಿತ್ತು ಅಂತ ಆಮೇಲೆ ವಾದ ಬಂತು. ಹಾಲು ಎಂ1 ಟೆಸ್ಟಿಗೆ ಕೊಡೋದಾದ್ರೆ ಇವತ್ತೇ ಕೊಡಿ, ಮೇವು ಬದಲಾಯಿಸಿದ್ರೆ ಮೂರ್ನಾಲ್ಕು ದಿನದಲ್ಲಿ ಹೊರಟುಹೋಗುತ್ತೆ.