46 ಇಂಚಿನ ಅಳತೆಗೆ ಮದುವೆಯ ಚೂಡಿದಾರ್ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ನನ್ನ ಎದೆಯ ಸುತ್ತಳತೆ 46 ಇಂಚು. ಮುಂದಿನ ತಿಂಗಳು ತಂಗಿಯ ಮದುವೆಯಿರುವುದರಿಂದ ಒಳ್ಳೆಯ ಚೂಡಿದಾರ್ ಒಂದನ್ನು ಹುಡುಕಿಕೊಂಡು ಕಾಸರಗೋಡು ಪೇಟೆಯ ನಾಲ್ಕು ಅಂಗಡಿಗಳನ್ನು ಹತ್ತಿಳಿದೆ. ಎಲ್ಲ ಕಡೆಯೂ 'ಸೈಜ್ ಇಲ್ಲ ಚೇಚಿ' ಎಂಬ ಉತ್ತರವೇ ಸಿಕ್ಕಿತು. (ಮಲಯಾಳಕ್ಕೂ ಕನ್ನಡಕ್ಕೂ 'ಇಲ್ಲ' ಒಂದೇ ಆದ್ದರಿಂದ ಅರ್ಥವಾಗಲಿಲ್ಲವೆಂದು ನಟಿಸುವಂತೆಯೂ ಇಲ್ಲ.) ಶನಿವಾರ ರೈಲು ಹತ್ತಿ ಮಂಗಳೂರಿಗೆ ಹೋದರೆ, ಅಲ್ಲಿನ ಮಳಿಗೆಯೊಂದರ ಡಬಲ್ ಎಕ್ಸೆಲ್ ಉಡುಪು ರಟ್ಟೆಯನ್ನು ಬಿಗಿದು ಹಿಡಿಯಿತು, ಕೊರಳು ಮಾತ್ರ ಭುಜದಿಂದ ಜಾರುವಷ್ಟು ಅಗಲವಾಗಿತ್ತು. ಇನ್ನೂ ದೊಡ್ಡದನ್ನು ಕೇಳಿದಾಗ ಮಾರಾಟದ ಹುಡುಗಿ ನೈಟಿಗಳ ಕಡೆಗೆ ಕೈ ತೋರಿಸಿದಳು. ಮದುವೆಗೆ ನೈಟಿ ತೊಟ್ಟು ಹೋಗಲೇ? ಹೊಲಿಸುವುದಾದರೆ ಎಷ್ಟು ಬಟ್ಟೆ ಬೇಕು?

ಉತ್ತರ: ಕುಂಬಳೆಯ ಹೊಲಿಗೆಯವರು

ಅಕ್ಕಾ, ಕಾರ್ಖಾನೆಯಲ್ಲಿ ಮಧ್ಯಮ ಅಳತೆಯ ಒಂದು ಮಾದರಿಯನ್ನು ಮಾಡಿಕೊಂಡು, ದೊಡ್ಡ ಅಳತೆಗಳಿಗೆ ಅದನ್ನೇ ಎಲ್ಲ ಕಡೆ ಲೆಕ್ಕ ಹಾಕಿ ಹಿಗ್ಗಿಸುತ್ತಾರೆ. ಮೈ ತುಂಬಿಕೊಂಡಾಗ ಎದೆ, ಹೊಟ್ಟೆ, ರಟ್ಟೆ ದಪ್ಪವಾಗುತ್ತವೆಯೇ ಹೊರತು ಭುಜದ ಎಲುಬು ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಕೊರಳು ಜಾರುವುದು ಅದರಿಂದಲೇ. ನಿಮ್ಮ ಅಳತೆಗೆ ಉಡುಪಿನ ಎದೆಸುತ್ತು 50 ಇಂಚಿನಷ್ಟು ಇರಬೇಕು. 44 ಇಂಚು ಅಗಲದ ಬಟ್ಟೆಯಲ್ಲಿ ಮುಂಭಾಗ, ಹಿಂಭಾಗಗಳು ಅಕ್ಕಪಕ್ಕ ಹಿಡಿಯುವುದಿಲ್ಲ, ಒಂದರ ಕೆಳಗೊಂದು ಕತ್ತರಿಸಬೇಕು. ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿ ತೋಳೂ ಬರುವುದಿಲ್ಲ. ಆದ್ದರಿಂದ ಮೇಲಂಗಿಗೇ ಮೂರು ಮೀಟರ್ ತನ್ನಿ. ಹತ್ತಿಯದಾದರೆ ರಾತ್ರಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಗೆ ಕೊಡಿ. ರಟ್ಟೆಯ ಅಳತೆಯನ್ನು ಕೈ ಮಡಚಿ ತೆಗೆಯಲು ಹೇಳಿ, ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಉತ್ತರ: ಮಂಜೇಶ್ವರದಿಂದ

ಹೊಲಿಗೆಯವರ ಮಾತು ಸರಿಯೇ. ಆದರೆ ಉಳಿದವರು ಹ್ಯಾಂಗರಿನಿಂದ ತೆಗೆದು ತೊಡುವುದನ್ನು ನಾವು ಮಾತ್ರ ಬಟ್ಟೆ, ಲೈನಿಂಗ್, ಕೂಲಿ ಎಂದು ಮೂರು ಕಡೆ ಹಣ ತೆತ್ತು, ಮದುವೆಯ ಹಿಂದಿನ ದಿನದವರೆಗೆ ಕಾದು ಪಡೆಯಬೇಕೆಂಬುದನ್ನು ನಾನು ಒಪ್ಪಲಾರೆ. ನಮ್ಮ ದೇಶದವರ ಮೈಯಳತೆಗೆ ಒಂದು ಸಾಮಾನ್ಯ ಪಟ್ಟಿಯನ್ನು ಸಿದ್ಧಪಡಿಸಲು ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) 'ಇಂಡಿಯಾಸೈಜ್' ಸಮೀಕ್ಷೆ ನಡೆಸುವುದಾಗಿ ಪ್ರಕಟಿಸಿದ್ದೇ 2018ರಲ್ಲಿ. ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಮಂದಿಯನ್ನು ಅಳೆಯುವ ಗುರಿ ಅದರದ್ದಾಗಿತ್ತು. ಅಂಥ ಪಟ್ಟಿ ಬಳಕೆಗೆ ಬರುವವರೆಗೆ ಒಂದು ಕಂಪನಿಯ ಎಕ್ಸೆಲ್ ಇನ್ನೊಂದರ ಲಾರ್ಜ್ ಆಗಿದ್ದರೆ ಆಶ್ಚರ್ಯವೇನು? ಆನ್‌ಲೈನಿನಲ್ಲಿ ತರಿಸುವುದಾದರೆ ಅಕ್ಷರಗಳನ್ನು ನಂಬಬೇಡಿ. ನಿಮಗೆ ಸರಿಯಾಗಿ ಒಪ್ಪುವ ಹಳೆಯ ಅಂಗಿಯನ್ನು ನೆಲದ ಮೇಲೆ ಹಾಸಿ ಟೇಪಿನಿಂದ ಅಳೆದು, ಆ ಇಂಚುಗಳನ್ನೇ ಪಟ್ಟಿಯೊಡನೆ ಹೋಲಿಸಿ.

ಉತ್ತರ: ಪೆರ್ಲದ ಅತ್ತೆ

ಸೀರೆ ಉಟ್ಟರೆ ತೊಂದರೆಯಿಲ್ಲವೆಂದು ನೆಂಟರು ಹೇಳಿಯೇ ಹೇಳುತ್ತಾರೆ, ಆದರೆ ಅಲ್ಲಿಯೂ ಲೆಕ್ಕವಿದೆ ಮಗಳೇ. ಸೀರೆಯೊಡನೆ ಬರುವ 80 ಸೆಂಟಿಮೀಟರ್ ರವಕೆ ಕಣ ನಮ್ಮಂಥವರಿಗೆ ಉದ್ದ ತೋಳಿಟ್ಟು ಹೊಲಿಯಲು ಸಾಲದು. ಐದೂವರೆ ಮೀಟರ್ ಸೀರೆಗೆ ನೆರಿಗೆಯೂ ಕಡಿಮೆ ಬೀಳುತ್ತದೆ. ಕಣವು ಒಳತುದಿಯಲ್ಲಿದ್ದರೆ ನಾನು ಅದನ್ನು ಕತ್ತರಿಸದೆ ಹಾಗೆಯೇ ಒಳಗೆ ಸಿಕ್ಕಿಸಿ, ರವಕೆಗೆ ಬೇರೆಯೇ ಒಂದು ಮೀಟರ್ ಬಟ್ಟೆ ಕೊಳ್ಳುತ್ತೇನೆ.

ಬದಿಯಡ್ಕದ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಅಳತೆ ಕೊಡಲು ಕುಂಬಳೆಗೆ ಬರುತ್ತೇನೆ. ತೋಳು ಮೊಣಕೈವರೆಗೆ ಸಾಕೆಂದರೆ ಎರಡೂವರೆ ಮೀಟರಿನಲ್ಲಿ ಮುಗಿಯಬಹುದೇ?

ಕುಂಬಳೆಯ ಹೊಲಿಗೆಯವರು

ಮೂರೇ ತನ್ನಿ ಅಕ್ಕಾ. ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಒಳಗೆ ಬಿಡುತ್ತೇನೆ, ಬೇಕೆಂದಾಗ ಬಿಚ್ಚಿಸಿಕೊಳ್ಳಬಹುದು.