ದೊಡ್ಡಪ್ಪನ ಕಾರಿನ ಸೌಂಡು

ಗುಂಪು: ಕುವೆಂಪುನಗರ ಮನೆಮಂದಿ

ದೊಡ್ಡಪ್ಪ: (ಫಾರ್ವರ್ಡ್ ಆಗಿದ್ದು) ಕಾರ್ ಇರುವವರು ತಪ್ಪದೇ ಓದಿ. ಫೋನಿಂದ ಹಾಡು ಹಾಕುವಾಗ ಫೋನಿನ ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಇಡಬಾರದು. ಇಟ್ಟರೆ ಸ್ಪೀಕರಿನ ಪರದೆ ಹರಿದು ಸೌಂಡ್ ಶಾಶ್ವತವಾಗಿ ಕಮ್ಮಿಯಾಗುತ್ತದೆ. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ಯಾರಿಗೆ ಅಂತ ಹೇಳಲ್ಲ. ಸಕಲೇಶಪುರಕ್ಕೆ ಹೋಗಿಬಂದೋರು ಓದ್ಕೊಳ್ಳಲಿ.

ರಘು: ದೊಡ್ಡಪ್ಪ, ಹೋಗಿದ್ದು ನಾನೇ, ಹೆಸರು ಹೇಳಿಬಿಡಿ ಪರವಾಗಿಲ್ಲ

ದೊಡ್ಡಪ್ಪ: ಹೇಳ್ತೀನಿ ಬಿಡು. ಮೂರು ದಿನದಿಂದ ನೋಡ್ತಿದೀನಿ, ಕಾರಿನ ವಾಲ್ಯೂಮ್ 35ರ ತನಕ ತಿರುಗಿಸಿದ್ರೂ ಸೊಳ್ಳೆ ಗುಂಯ್ ಅಂದಂಗೆ ಬರುತ್ತೆ, ನೀನು ತಗೊಂಡು ಹೋಗೋಕ್ ಮುಂಚೆ 12ಕ್ಕೇ ಗೇಟ್ ತನಕ ಕೇಳ್ತಿತ್ತು. ಅಂಗಡಿಯವನು ನೋಡಿ ನಾಲ್ಕೂ ಸ್ಪೀಕರ್ ಹೋಗಿದೆ, ಆಂಪ್ಲಿಫೈಯರ್ ಸೇರಿ 9,500 ಆಗುತ್ತೆ ಅಂದ.

ರಘು: ನಾಲ್ಕೂ ಒಟ್ಟಿಗೇ ಹೋಗೋಕೆ ಅವೇನು ಜಾತ್ರೆಗೆ ಹೊರಟಿದ್ವಾ ದೊಡ್ಡಪ್ಪ

ಚಿಕ್ಕಪ್ಪ: ಅದಕ್ಕೇ ಹೇಳೋದು, ಹುಡುಗರ ಕೈಗೆ ಕಾರ್ ಕೊಡಬಾರದು ಅಂತ. ಡಬ್ಬ್ ಡಬ್ಬ್ ಅಂತ ಹಾಕ್ಕೊಂಡು ಘಾಟ್ ಹತ್ತಿರ್ತಾನೆ.

ಸುಧಾ ಅತ್ತೆ: ಬೆಳಿಗ್ಗೆ ಬೆಳಿಗ್ಗೆ ಏನ್ರಪ್ಪ ಇದು, ಇನ್ನೂ ಕಾಫಿ ಆಗಿಲ್ಲ

ಪವಿ: ಅಪ್ಪ ಒಂದ್ನಿಮಿಷ. ದುಡ್ಡು ಕೊಟ್ಟಿಲ್ಲ ತಾನೇ? ರೇಡಿಯೋ ಹಾಕಿದ್ರೆ ಹೆಂಗೆ ಕೇಳುತ್ತೆ?

ದೊಡ್ಡಪ್ಪ: ರೇಡಿಯೋಗೇನಾಗಿದೆ, ನಿನ್ನೆ 100.6 ಹಾಕಿದ್ದೆ, ಚೆನ್ನಾಗೇ ಬಂತು. ಆಕಾಶವಾಣಿ ಅನ್ನೋ ಹೆಸರೇ ನಮ್ಮ ಮೈಸೂರಿಂದು ತಿಳ್ಕೊ, 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಅವರ ಮನೇಲೇ ಶುರು ಮಾಡಿದ್ದು.

ದೊಡ್ಡಮ್ಮ: ಚೆನ್ನಾಗಿ ಬಂತಾ? 35ರಲ್ಲಿ ಇಟ್ಟಿರೋದು ಮರೆತು ರೇಡಿಯೋ ಒತ್ತಿದ್ರು, ಹಿಂದೆ ಕೂತಿದ್ದ ನಮ್ಮತ್ತೆ ಕೈಲಿದ್ದ ಹೂವಿನ ಪೊಟ್ಟಣ ಕೆಳಗೆ ಬಿತ್ತು

ಪವಿ: ಹಂಗಾದ್ರೆ ಸ್ಪೀಕರ್ ಸರಿಯಾಗೇ ಇದೆ ಅಪ್ಪ. ರೇಡಿಯೋ ಬರೋದೂ ಅದೇ ನಾಲ್ಕು ಸ್ಪೀಕರಿಂದ ತಾನೇ. ತೊಂದರೆ ಇರೋದು ಫೋನಿಂದ ಕಾರಿಗೆ ಹೋಗೋ ದಾರೀಲಿ. ಅಂಗಡಿಯವನು ರೇಡಿಯೋ ಹಾಕಿ ನೋಡಿದ್ನಾ?

ದೊಡ್ಡಪ್ಪ: ಇಲ್ಲ. ನನ್ನ ಫೋನೇ ಹಾಕಿ ಕೇಳ್ದ.

ರಘು: ನೋಡಿ

ಚಿಕ್ಕಪ್ಪ: ರೇಡಿಯೋ ಬೇರೆ ಹಾಡು ಬೇರೆ ಕಣಮ್ಮ, ಹಾಡಿಗೆ ಬೇಸ್ ಎಲ್ಲ ಇರುತ್ತೆ

ದೊಡ್ಡಮ್ಮ: ಪಕ್ಕದಲ್ಲಿ ಕೂತಿದ್ದೋಳು ನಾನು, ನನ್ನನ್ನ ಯಾರೂ ಕೇಳ್ತಿಲ್ಲ. ಸೌಂಡ್ ಕಮ್ಮಿ ಅನ್ನೋದಲ್ಲ ಅದು. ಹಾಡೋರ ದನಿನೇ ಇಲ್ಲ. ಪಿಟೀಲು ಸುಮಾರಾಗಿ ಕೇಳುತ್ತೆ, ಹಾಡೋರು ಎಲ್ಲೋ ಬಾವಿ ಒಳಗೆ ಇದ್ದಂಗೆ. ಇವರ ಹಳೇ ಹಾಡು ಹಾಕಿದ್ರಂತೂ ಪೂರ್ತಿ ಸೊಳ್ಳೆ.

ಪವಿ: ಅಮ್ಮ!!! ಇದನ್ನ ಮೊದಲೇ ಹೇಳಬಾರದಾ. ಅಪ್ಪ ನೀವು ಹಾಕೋದು ಬ್ಲೂಟೂತಾ ವೈರಾ?

ದೊಡ್ಡಪ್ಪ: ವೈರು. ಬ್ಲೂಟೂತ್ ನಂಗೆ ಆಗಿಬರಲ್ಲ, ಯಾರಾದ್ರೂ ಸಾಲ ಕೇಳೋಕೆ ಫೋನ್ ಮಾಡಿದ್ರೆ ಕಾರಲ್ಲಿರೋರಿಗೆಲ್ಲ ಕೇಳ್ಸುತ್ತೆ.

ರಘು: ನಾನು ಆ ವೈರ್ ಮುಟ್ಟೇ ಇಲ್ಲ, ಹೋಗ್ತಾ ಬರ್ತಾ ಬ್ಲೂಟೂತೇ, ದೇವರಾಣೆ

ಪವಿ: ಆ ವೈರಿನ ಪಿನ್ ಫೋನಿನ ಹೆಡ್‌ಫೋನ್ ತೂತಲ್ಲಿ ಪೂರ್ತಿ ಕೂತಿಲ್ಲ ಅಪ್ಪ. ಪಿನ್ ನೋಡಿ, ಮಧ್ಯೆ ಕಪ್ಪು ಗೆರೆ ಹಾಕಿ ತುಂಡು ತುಂಡು ಮಾಡಿರ್ತಾರೆ. ಒಂದು ತುಂಡು ಎಡಗಡೆ ಸೌಂಡಿಗೆ, ಒಂದು ಬಲಗಡೆಗೆ, ಬುಡದ್ದು ಎರಡಕ್ಕೂ ಸೇರಿ ವಾಪಸ್ ಬರೋ ದಾರಿ, ಗ್ರೌಂಡ್ ಅಂತೀವಿ. ಪಿನ್ ಒಂಚೂರು ಹೊರಗಿದ್ರೆ ಗ್ರೌಂಡ್ ತಾಗಲ್ಲ, ಆಗ ಎಡದ್ದರಲ್ಲಿ ಬಲದ್ದು ಕಳೆದು ಉಳಿದಿದ್ದಷ್ಟೇ ಸ್ಪೀಕರಿಗೆ ಬರುತ್ತೆ. ಹಾಡೋರ ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ ಇರುತ್ತೆ, ಕಳೆದ್ರೆ ಸೊನ್ನೆ. ಪಿಟೀಲು ಒಂದು ಕಡೆ ಜಾಸ್ತಿ ಇರುತ್ತೆ, ಅದು ಉಳ್ಕೊಳುತ್ತೆ. ನಿಮ್ಮ ಅರವತ್ತರ ದಶಕದ ಹಾಡೆಲ್ಲ ಮೋನೋ, ಎಡಕ್ಕೂ ಬಲಕ್ಕೂ ವ್ಯತ್ಯಾಸನೇ ಇಲ್ಲ, ಹಂಗಾಗಿ ಪೂರ್ತಿ ಮಾಯ.

ಸುಧಾ ಅತ್ತೆ: ನನಗೆ ಅರ್ಧ ಅರ್ಥ ಆಯ್ತು ಆದ್ರೆ ಚೆನ್ನಾಗಿದೆ

ದೊಡ್ಡಪ್ಪ: ನಾನು ನಾಲ್ಕು ವರ್ಷದಿಂದ ಅದೇ ವೈರು ಅದೇ ಫೋನಿಗೆ ಹಾಕ್ತಿದೀನಿ. ಇಷ್ಟು ದಿನ ಕೂರ್ತಿದ್ದ ಪಿನ್ನಿಗೆ ಈಗೇನು ಬಂತು

ದೊಡ್ಡಮ್ಮ: ಹೊಸ ಕವರ್

ದೊಡ್ಡಮ್ಮ: ಭಾನುವಾರ ಅರಸು ರಸ್ತೇಲಿ 150 ರೂಪಾಯಿಗೆ ತಗೊಂಡ್ರಲ್ಲ, ಟೈರ್ ಥರ ದಪ್ಪಗಿದೆ

ಪವಿ: ಅದೇ! ಕವರಿನ ತೂತು ಚಿಕ್ಕದು, ಪಿನ್ನಿನ ದಪ್ಪ ಬುಡ ಕವರಿಗೆ ತಾಕಿ ಅಲ್ಲೇ ನಿಲ್ತಿದೆ. ಕವರ್ ತೆಗೆದು ಟಕ್ ಅನ್ನೋ ತನಕ ಒತ್ತಿ. ಆಗಲೂ ಕೂರ್ದೇ ಇದ್ರೆ ತೂತೊಳಗೆ ಜೇಬಿನ ನೂಲು ಧೂಳು ಸೇರಿರುತ್ತೆ, ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್ಕಲ್ಲಿ ಮೆಲ್ಲಗೆ ತೆಗೀರಿ, ಗುಂಡುಸೂಜಿ ಗಿಂಡುಸೂಜಿ ಹಾಕಬೇಡಿ.

ಚಿಕ್ಕಪ್ಪ: ನಂದು ವೈರಲ್ಲ ಬ್ಲೂಟೂತು, ಅದೂ ಕಮ್ಮಿನೇ. ಅದಕ್ಕೇನು ಕವರ್ ತೆಗೀಬೇಕಾ

ರಘು: ಚಿಕ್ಕಪ್ಪ, ಎಷ್ಟೋ ಕಾರಲ್ಲಿ ಫೋನಿನ ವಾಲ್ಯೂಮ್ ಬೇರೆ ಕಾರಿಂದು ಬೇರೆ. ಹಾಡು ಓಡ್ತಿರುವಾಗಲೇ ಫೋನಿನ ಸೈಡ್ ಬಟನ್ ಒತ್ತಿ ಏರಿಸಿ, ಸುಮ್ನೆ ಇದ್ದಾಗ ಒತ್ತಿದ್ರೆ ಕೆಲವು ಫೋನಲ್ಲಿ ರಿಂಗಿಂದು ಏರುತ್ತೆ ಹಾಡಿಂದಲ್ಲ. ಆಗ್ಲಿಲ್ಲ ಅಂದ್ರೆ ಆಂಡ್ರಾಯ್ಡಲ್ಲಿ ಡೆವಲಪರ್ ಆಪ್ಶನ್ಸ್ ಒಳಗೆ ಡಿಸೇಬಲ್ ಆಬ್ಸೊಲ್ಯೂಟ್ ವಾಲ್ಯೂಮ್ ಅಂತ ಇದೆ, ಅದನ್ನ ಆನ್ ಮಾಡಿ ನೋಡಬೇಕು, ಭಾನುವಾರ ಬಂದು ಮಾಡಿಕೊಡ್ತೀನಿ ನೀವೇ ಕೈ ಹಾಕಬೇಡಿ

ಸುಧಾ ಅತ್ತೆ: ನಂದು ಐಫೋನ್

ರಘು: ಅತ್ತೆ ಬ್ಲೂಟೂತಲ್ಲಿ ಕಾರಿನ ಹೆಸರಿನ ಪಕ್ಕ ಐ ಅಂತ ಇರುತ್ತೆ, ಅಲ್ಲಿ ಡಿವೈಸ್ ಟೈಪ್ ಕಾರ್ ಸ್ಟೀರಿಯೋ ಅಂತ ಇಡಿ. ಹೆಡ್‌ಫೋನ್ ಅಂತ ಇದ್ರೆ ಕಿವಿಗೆ ಜೋರಾಯ್ತು ಅಂತ ಅದೇ ಸೌಂಡ್ ತಗ್ಗಿಸಿಬಿಡಬಹುದು.

ದೊಡ್ಡಪ್ಪ: ಹಂಗಾದ್ರೆ ನಾನು ಕಳ್ಸಿದ ಮೆಸೇಜ್ ಸುಳ್ಳಾ? ಅರ್ಧಕ್ಕೆ ಇಡಿ ಅಂತಿದೆಯಲ್ಲ, ನಾನು ಹಂಗೇ ಇಟ್ಟಿರೋದು.

ಪವಿ: ಉಲ್ಟಾ ಅಪ್ಪ. ಟ್ಯಾಂಕಿನ ವಾಲ್ವ್ ಅರ್ಧ ಮುಚ್ಚಿ ಬಚ್ಚಲಲ್ಲಿ ನಲ್ಲಿ ಎಷ್ಟು ತಿರುಗಿಸಿದ್ರೇನು. ಫೋನಿಂದ ಕಮ್ಮಿ ಕಳಿಸಿ ಕಾರಲ್ಲಿ ಜಾಸ್ತಿ ಮಾಡಿದ್ರೆ ಹಾಡಿನ ಜೊತೆ ಸುಸ್ಸ್ ಅನ್ನೋದೂ ದೊಡ್ಡದಾಗುತ್ತೆ. ಫೋನ್ ಹೆಚ್ಚುಕಮ್ಮಿ ಪೂರ್ತಿ ಇಡಿ, ವೈರಾದ್ರೆ ದನಿ ಒಡೀದೇ ಇರ್ಲಿ ಅಂತ ಒಂದೆರಡು ಮೆಟ್ಟಿಲು ಕೆಳಗೆ, ಆಮೇಲೆ ಬೇಕಾದಷ್ಟಕ್ಕೆ ಕಾರಿನ ನಾಬ್. ಆದ್ರೆ ಪಿನ್ ಸರಿಮಾಡೋಕ್ ಮುಂಚೆ ನಾಬ್ 5ಕ್ಕೆ ಇಳಿಸಿ ಅಪ್ಪ ದಯವಿಟ್ಟು, 35ರಲ್ಲಿ ಸರಿಯಾಗಿಬಿಟ್ರೆ ಆಗ ನಿಜವಾಗ್ಲೂ ಸ್ಪೀಕರ್ ಹೋಗಬಹುದು

ದೊಡ್ಡಪ್ಪ: ಸರಿ. ಕೆಳಗೆ ಹೋಗಿ ನೋಡ್ತೀನಿ.

ರಘು: ದೊಡ್ಡಪ್ಪ?

ಸುಧಾ ಅತ್ತೆ: ಅಣ್ಣ ಏನಾಯ್ತು

ದೊಡ್ಡಮ್ಮ: ಇಪ್ಪತ್ತು ನಿಮಿಷ ಆಯ್ತು, ಕಾರ್ ಬಾಗಿಲು ತೆಗೆದಿಟ್ಟು ಕಣ್ಣು ಮುಚ್ಚಿ ಕೂತಿದ್ದಾರೆ. ಎದುರು ಮನೆಯವರು ಹೊರಗೆ ಬಂದು ನೋಡ್ತಿದ್ದಾರೆ. ತಿಂಡಿ ಆರ್ತಿದೆ.

ದೊಡ್ಡಪ್ಪ: ಬರ್ತಿದೆ. ಹಾಡೋರೂ ಬಂದ್ರು. 11ಕ್ಕೇ ಸಾಕು.

ರಘು: ಮತ್ತೆ ನನ್ನ ಮೇಲಿನ ಕೇಸ್?

ದೊಡ್ಡಪ್ಪ: ಅದಿರ್ಲಿ. ಹಿಂದಿನ ಸೀಟಿನ ಕೆಳಗೆ ಒಂದು ಬೊಗಸೆ ಕಡಲೆಕಾಯಿ ಸಿಪ್ಪೆ ಇದೆ. ಅದು ಯಾರ್ದು?

ರಘು: ಶುಕ್ರವಾರ ಕಾರ್ ನಂಜನಗೂಡಿಗೂ ಹೋಗಿತ್ತು ದೊಡ್ಡಪ್ಪ, ನಾನಂತೂ ಹೋಗಿಲ್ಲ

ದೊಡ್ಡಪ್ಪ: ಲೋ ತಮ್ಮ, ಆನ್‌ಲೈನಲ್ಲಿ ಇದೀಯ ಅಂತ ತೋರಿಸ್ತಿದೆ.